ಕೆರೆಯ ಬಣ್ಣ ನೋಡಲು ಹೊರಟ ಮಾವ

ನನ್ನ ಮಾವನ ಬಲಗೈಯ ನಡುಬೆರಳಿನ ಗೆಣ್ಣು ಉಳಿದ ಗೆಣ್ಣುಗಳಿಗಿಂತ ದಪ್ಪಗಿತ್ತು. ಅದರ ಮೇಲಿನ ಚರ್ಮ ಹಿಮ್ಮಡಿಯ ಚರ್ಮದಂತೆ ಗಡುಸಾಗಿ ಹಳದಿಗೆ ತಿರುಗಿತ್ತು. ಮಂಗಳೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಆಯುಷ್ಯ ಕಳೆದವರು ಅವರು. ಸುಡುವ ಗೂಡಿನಿಂದ ಬಂದ ಹೆಂಚನ್ನು ಗೆಣ್ಣಿನಿಂದ ಬಡಿದು, ಸದ್ದು ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುವುದು ಅವರ ಕೆಲಸ. ನಿವೃತ್ತಿಯಾದ ಮೇಲೆ ಹೆಂಚು ಹೋಯಿತು, ಬಡಿಯುವುದು ಹೋಗಲಿಲ್ಲ. ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ ಮಗನ ಮನೆಗೆ ಬಂದು ನೆಲೆಸಿದವರು ಅಲ್ಲಿನ ಅಂಗಡಿಯಲ್ಲಿ ಕಲ್ಲಂಗಡಿ ಬಡಿಯುತ್ತಿದ್ದರು, ಅದು ಸರಿ, ಬ್ರೆಡ್ಡನ್ನೂ ಬಡಿಯುತ್ತಿದ್ದರು. ಸಿಡ್ನಿಯ ಮಾರ್ಸ್ಡನ್ ಪಾರ್ಕಿನಲ್ಲಿ ನಾವು ಹೊಸ ಮನೆ ಮಾಡಿ ಅವರನ್ನು ಕರೆಸಿಕೊಂಡಾಗ, ಒಳಗೆ ಕಾಲಿಟ್ಟವರು ಕೂರುವ ಮೊದಲೇ ಹಾಲಿನ ಗೋಡೆಗೆ ಟಕ್ ಟಕ್ ಎಂದು ಎರಡೇಟು ಕೊಟ್ಟರು.

"ಟೊಳ್ಳು," ಎಂದರು. "ಮಾರ್ಟ್‌ಗೇಜ್ ಎಷ್ಟು ವರ್ಷದ್ದು?"

"ಮೂವತ್ತು ವರ್ಷ, ಮಾವ."

"ಅಷ್ಟು ವರ್ಷ ಗೋಡೆ ನಿಲ್ತದಾ?"

ಆಮೇಲೆ ತಿರುಗಿ ನನ್ನನ್ನು ನೋಡಿದರು. ಗೋಡೆಯನ್ನು ನೋಡಿದ ಅದೇ ನೋಟ. ಸಭ್ಯರಾದ್ದರಿಂದ ನನ್ನನ್ನು ಬಡಿದು ನೋಡಲಿಲ್ಲ, ಅಷ್ಟೆ.

ಅವರ ಅನುಮಾನಕ್ಕೆ ಕಾರಣವಿತ್ತು. ನನ್ನ ಹೆಂಡತಿ ಅವರ ಒಬ್ಬಳೇ ಮಗಳು. ಅವರದು ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಮನೆ. ನಾನು ದಾವಣಗೆರೆ ಕಡೆಯ, ಸ್ನಾನ ಮಾಡಿದ ಕೂಡಲೇ ವಿಭೂತಿ ಹಚ್ಚುವ ಮನೆಯ ಹುಡುಗ. ಓದಲು ಬಂದ ನಾವಿಬ್ಬರೂ ಪ್ಯಾರಮಟ್ಟಾದ ಒಂದೇ ಕಟ್ಟಡದಲ್ಲಿ ಬೇರೆ ಬೇರೆ ಫ್ಲ್ಯಾಟಿನಲ್ಲಿ ರೆಂಟಿಗಿದ್ದೆವು. ಬಟ್ಟೆ ಒಗೆಯುವ ಕೋಣೆಯಲ್ಲಿ ಪರಿಚಯವಾಗಿ, ಅದು ಬೆಳೆದು, ಮದುವೆಯವರೆಗೆ ಬಂತು. ಅವಳು ನರ್ಸ್, ಪಿಆರ್, ಅಂದರೆ ಇಲ್ಲೇ ಕಾಯಂ ನೆಲೆಸುವ ಪರವಾನಗಿ, ಬೇಗ ಸಿಕ್ಕಿತ್ತು. ನನಗೆ ಸಿಕ್ಕಿರಲಿಲ್ಲ. ಮದುವೆಯಾದ ಮೇಲೆ ಅವಳ ಗಂಡನೆಂಬ ಲೆಕ್ಕದಲ್ಲಿ ನನಗೂ ಆಯಿತು. ಇಷ್ಟೇ ವಿಷಯ. ಮಾವನ ಕಿವಿಗೆ ಇದು ಒಡಕು ಹೆಂಚಿನ ಸದ್ದಾಗಿ ಕೇಳಿಸಿತು.

"ನಿಮ್ಮ ಪಿಆರ್ ಮದುವೆಗಿಂತ ಮೊದಲು ಆದದ್ದಾ, ನಂತರ ಆದದ್ದಾ?" ಎಂದು ಅವರು ಪ್ರತಿ ಭೇಟಿಯಲ್ಲೂ ಕೇಳುತ್ತಿದ್ದರು, ಹಿಂದಿನ ಸಲ ಕೇಳಿದ್ದು ಮರೆತವರ ಹಾಗೆ. ಮರೆಯುವ ಆಸಾಮಿ ಅವರಲ್ಲ. ನನ್ನ ಉತ್ತರ ಒಂದು ಸಲವಾದರೂ ಬದಲಾಗುತ್ತದೇನೋ ಎಂದು ಕಾಯುತ್ತಿದ್ದರು. ನಾನೂ ಹಠ ಬಿಡದೆ "ನಂತರ, ಮಾವ" ಎನ್ನುತ್ತಿದ್ದೆ. ಅವರು "ಹಾಂ" ಎನ್ನುತ್ತಿದ್ದರು. ಆ "ಹಾಂ" ಕೇಳಿಸಿಕೊಂಡ ದಿನ ನನಗೆ ಊಟ ಸೇರುತ್ತಿರಲಿಲ್ಲ. ಅವರ ಮಗಳನ್ನು ನಾನು ಅವಳಿಗಾಗಿಯೇ ಮದುವೆಯಾದೆ ಎಂದು ಅವರೊಬ್ಬರು ನಂಬಿದರೆ ಸಾಕಿತ್ತು ನನಗೆ. ಆಫೀಸು, ಗೆಳೆಯರು, ಊರಲ್ಲಿರುವ ನನ್ನ ಅಪ್ಪ ಅಮ್ಮ ಯಾರು ಏನಂದುಕೊಂಡರೂ ನಡೆಯುತ್ತಿತ್ತು.

ಒಂದು ನ್ಯಾಯದ ಮಾತು ಹೇಳಬೇಕು. ಅವರು ನನ್ನೊಬ್ಬನನ್ನೇ ಅನುಮಾನಿಸುತ್ತಿರಲಿಲ್ಲ. ಹಾಲಿನ ಡಬ್ಬಿಯ ಮೇಲಿನ ತಾರೀಕು ನೋಡಿದ ಮೇಲೂ ಮೂಸುತ್ತಿದ್ದರು. ಕಾರಿನಲ್ಲಿ ದಾರಿ ಹೇಳುವ ಹೆಣ್ಣುದನಿ ಎಡಕ್ಕೆ ತಿರುಗಿ ಎಂದರೆ "ಅವಳಿಗೆ ಎಂತ ಗೊತ್ತುಂಟು?" ಎನ್ನುತ್ತಿದ್ದರು. ಮಗಳು ಫೋನಿನಲ್ಲಿ ಆರಾಮಾಗಿದ್ದೇನೆ ಎಂದರೆ ವಿಡಿಯೋ ಹಾಕಿಸಿ ಮುಖ ನೋಡಿಯೇ ಬಿಡುತ್ತಿದ್ದರು. ಅತ್ತೆ ಬದುಕಿದ್ದಾಗ ನಗುತ್ತಾ ಹೇಳುತ್ತಿದ್ದರು: "ಮದುವೆ ದಿನ ಇಗರ್ಜಿಯಲ್ಲಿ ನನ್ನ ಅಪ್ಪ ಕೊಟ್ಟ ಉಂಗುರವನ್ನು ಬೆಂಚಿಗೆ ಬಡಿದು ನೋಡಿದವರು ಇವರು. ನಿಮ್ಮದೆಲ್ಲ ಎಂತ ದೊಡ್ಡದು?"

ಇಂಥವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಕ್ಕೆ ಹೊರಟದ್ದೂ ಅನುಮಾನದಿಂದಲೇ.

ಕ್ರಾನ್‌ಬರ್ನ್‌ನ ಚರ್ಚಿನಲ್ಲಿ, ಮಾವನ ಮಾತಿನಲ್ಲಿ ಇಗರ್ಜಿಯಲ್ಲಿ, ಭಾನುವಾರದ ಪೂಜೆ ಮುಗಿದ ಮೇಲೆ ಹಿರಿಯರೆಲ್ಲ ಚಹಾಕ್ಕೆ ಸೇರುತ್ತಾರೆ. ಅಲ್ಲಿ ಪೆರು ದೇಶದ ಮುದುಕರೊಬ್ಬರು ಮಾವನಿಗೆ ಜೊತೆಯಾದರು. ಇಬ್ಬರದೂ ಅರೆಬರೆ ಇಂಗ್ಲಿಷು, ಅದಕ್ಕೇ ಚೆನ್ನಾಗಿ ಹೊಂದಿತು. ಆ ಮುದುಕರು ಒಂದು ದಿನ ಫೋನಿನಲ್ಲಿ ತಮ್ಮ ಊರ ಕಡೆಯ ಒಂದು ಕೆರೆಯ ಫೋಟೋ ತೋರಿಸಿದರು. ವಾಸ್ಕರಾನ್ ಎಂಬ ರಾಷ್ಟ್ರೀಯ ಉದ್ಯಾನದೊಳಗೆ, ಹಿಮದ ಬೆಟ್ಟಗಳ ಬುಡದಲ್ಲಿರುವ ಕೆರೆ. ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ಟಿಗೆ ಸುರಿದಷ್ಟು ನೀಲಿ.

ಮಾವ ಫೋಟೋ ಹಿಗ್ಗಿಸಿ ನೋಡಿದರು, ಕುಗ್ಗಿಸಿ ನೋಡಿದರು. "ಬಣ್ಣ ಹಾಕಿದ್ದು," ಎಂದರು. ಆ ಮುದುಕರು ಹಾಕಿಲ್ಲ ಎಂದರು, ಮಾವ ಹಾಕಿದ್ದಾರೆ ಎಂದರು. ಕೊನೆಗೆ ಪೆರುವಿನವರು ಸಿಟ್ಟಾಗಿ, ನಂಬಿಕೆ ಇಲ್ಲದಿದ್ದರೆ ಹೋಗಿ ನೋಡು ಎಂದುಬಿಟ್ಟರು. ಮಾವ ಹೊರಟೇ ಬಿಟ್ಟರು.

ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಡಾಕ್ಟರಿಗೆ ತೋರಿಸಿ ಹೋಗಬಹುದು ಎನ್ನಿಸಿಕೊಂಡರು, ಆ ಡಾಕ್ಟರ ಮೇಲೆ ಅನುಮಾನ ಬಂದು ಇನ್ನೊಬ್ಬರಿಗೂ ತೋರಿಸಿದರು. ಮನೆ ಹತ್ತಿರದ ಡ್ಯಾಂಡೆನಾಂಗ್ ಬೆಟ್ಟದ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡಿದರು. ಅತ್ತೆ ಹೋದ ಮೇಲೆ ಅವರು ಯಾವುದಕ್ಕಾದರೂ ಇಷ್ಟು ಓಡಾಡಿದ್ದು ಅದೇ ಮೊದಲು. ಹಾಗಾಗಿ ಬೇಡ ಎನ್ನಲು ನಮಗ್ಯಾರಿಗೂ ಮನಸ್ಸಾಗಲಿಲ್ಲ.

"ಅಪ್ಪ ಒಬ್ಬರೇ ಹೋಗುದು ಬೇಡ," ಎಂದಳು ನನ್ನ ಹೆಂಡತಿ. "ನಂಗೆ ಲೀವ್ ಸಿಗಲ್ಲ. ನೀನು ಹೋಗು."

"ನಿಮ್ಮಪ್ಪ ನನ್ನ ಜೊತೆ ಬರ್ತಾರಾ?"

"ಬರ್ತಾರೆ. ನಿನ್ನನ್ನ ಟೆಸ್ಟ್ ಮಾಡ್ಲಿಕ್ಕೆ ಇಷ್ಟು ಒಳ್ಳೆ ಚಾನ್ಸ್ ಬೇರೆಲ್ಲಿ ಸಿಗ್ತದೆ?"

ಅವಳು ತಮಾಷೆಗೆ ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕೆರೆ, ಬಣ್ಣ ಎಲ್ಲ ನೆಪ, ನನ್ನನ್ನು ಜನವಿಲ್ಲದ ಕಡೆ ಕರೆದೊಯ್ದು ಬಾಯಿ ಬಿಡಿಸುವುದೇ ಇವರ ಉದ್ದೇಶ ಎಂದು ನನಗೂ ಅನುಮಾನ ಶುರುವಾಯಿತು. ಅವರ ಸಹವಾಸದಲ್ಲಿ ನಾನೂ ಅವರಂತೆ ಆಗುತ್ತಿದ್ದೆ. ಮೆಲ್ಬರ್ನಿನಿಂದ ಸಿಡ್ನಿಗೆ ಬಂದಿಳಿದವರು ಏರ್‌ಪೋರ್ಟಿನಲ್ಲಿ ನನಗೆ ಹೇಳಿದ ಮೊದಲ ಮಾತು, "ಟಿಕೆಟು ಸರಿ ಉಂಟಾ? ಮತ್ತೊಮ್ಮೆ ನೋಡಿ."

ಉದ್ಯಾನಕ್ಕೆ ಹತ್ತಿರದ ಪಟ್ಟಣವೇ ಸಾಕಷ್ಟು ಎತ್ತರದಲ್ಲಿದೆ. ಗಾಳಿಗೆ ಹೊಂದಿಕೊಳ್ಳಲು ಅಲ್ಲಿ ಕೆಲವು ದಿನ ಉಳಿಯಬೇಕು. ಹೋಟೆಲಿನವರು ಎತ್ತರಕ್ಕೆ ಒಳ್ಳೆಯದೆಂದು ಕೋಕಾ ಎಲೆಯ ಚಹಾ ಕೊಟ್ಟರು. ಅಲ್ಲಿ ಎಲ್ಲರೂ ಕುಡಿಯುತ್ತಾರೆ. ಮಾವ ಲೋಟವನ್ನು ಒಂದು ಗೇಣು ದೂರ ಸರಿಸಿದರು.

"ಇದರದ್ದೇ ಪುಡಿ ಮಾಡಿ ಕಳ್ಳಸಾಗಣೆ ಮಾಡುದಲ್ವಾ? ವಾಪಸ್ ಹೋಗುವಾಗ ಸಿಡ್ನಿಯಲ್ಲಿ ನಾಯಿ ಬಂದು ಮೂಸಿದ್ರೆ ಎಂತ ಹೇಳುದು? ನಿಮ್ಮ ಪಿಆರ್ ಹೋಗ್ತದೆ, ನೋಡಿ."

ನಾನು ಕುಡಿಯುವುದನ್ನು ಅವರು ಕಣ್ಣು ಕಿರಿದು ಮಾಡಿ ನೋಡಿದರು. ಪಿಆರ್ ಬಗ್ಗೆ ನನಗೆ ನಿಜವಾದ ಭಯವಿದೆಯೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದರೆಂದು ನನಗೆ ಈಗಲೂ ಗುಮಾನಿ.

ನಮ್ಮ ಗೈಡ್ ಅದೇ ಊರಿನ ಚುರುಕಾದ ಹುಡುಗಿ. ಸಂಜೆಯಾದರೆ ಬಂದು, ತಲೆನೋವಿದೆಯಾ, ವಾಕರಿಕೆಯಿದೆಯಾ ಎಂದು ಕೇಳಿ, ಬೆರಳಿಗೆ ಪುಟ್ಟದೊಂದು ಯಂತ್ರ ಕಚ್ಚಿಸಿ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ನೋಡುತ್ತಿದ್ದಳು. ಗುಂಪಿನಲ್ಲಿದ್ದ ಬೇರೆ ದೇಶದವರು ತಲೆ ಸಿಡಿಯುತ್ತಿದೆ, ಹೊಟ್ಟೆ ತೊಳೆಸುತ್ತಿದೆ ಎಂದು ರಾಗ ತೆಗೆಯುತ್ತಿದ್ದರು. ನಮ್ಮವರ ಪದ್ಧತಿ ಗೊತ್ತಲ್ಲ. ಹೊರಗಿನವರು ಹೇಗಿದ್ದೀರಿ ಎಂದರೆ ಪ್ರಾಣ ಹೋಗುತ್ತಿದ್ದರೂ ಚೆನ್ನಾಗಿದ್ದೇವೆ ಎನ್ನಬೇಕು, ಇನ್ನೊಬ್ಬರಿಗೆ ತೊಂದರೆ ಕೊಡಬಾರದು. ಮಾವ ನಗುಮುಖ ಮಾಡಿ "ಫೈನ್, ಫೈನ್" ಎನ್ನುತ್ತಿದ್ದರು. ಯಂತ್ರ ಅವರ ಬೆರಳಲ್ಲಿ ಕಡಿಮೆ ತೋರಿಸಿದಾಗ ಬಿಚ್ಚಿ ನನ್ನ ಬೆರಳಿಗೆ ಹಾಕಿದರು. ನನ್ನದು ಜಾಸ್ತಿ ಬಂತು. "ಇದು ನಿಮ್ಮ ಪರ ಮಾತಾಡ್ತದೆ," ಎಂದು ಹಿಂದಿರುಗಿಸಿದರು. ಆಮೇಲೆ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಇನ್ನೊಮ್ಮೆ ಹಾಕಿಸಿದಾಗ ಪರವಾಗಿಲ್ಲ ಎನ್ನುವಷ್ಟು ಬಂತು. ಗೈಡ್ ಒಪ್ಪಿದಳು.

ಕೆರೆಗೆ ಹೊರಟ ದಿನ ಪಾಸ್‌ಪೋರ್ಟುಗಳನ್ನು ಹೋಟೆಲಿನಲ್ಲಿ ಬಿಡಲು ಮಾವ ಒಪ್ಪಲಿಲ್ಲ. ಎದ್ದ ಕೂಡಲೇ ಎರಡನ್ನೂ ನನ್ನ ಬ್ಯಾಗಿಗೆ ಹಾಕಿಕೊಂಡೆ. ವ್ಯಾನು ಉದ್ಯಾನದೊಳಗೆ ಸಾಗಿ ಒಂದು ಹುಲ್ಲುಗಾವಲಿನ ಬಳಿ ನಿಂತಿತು. ಅಲ್ಲಿಂದ ಮುಂದೆ ನಡಿಗೆ. ಭಾರವೆಂದು ಬ್ಯಾಗನ್ನು ವ್ಯಾನಿನಲ್ಲೇ, ಡ್ರೈವರನ ಕಣ್ಣಳತೆಯಲ್ಲಿ ಬಿಟ್ಟೆ. ಮಾವ ತಕರಾರು ತೆಗೆಯಬಹುದೆಂದು ಕಾದೆ. ತೆಗೆಯಲಿಲ್ಲ. ಗಾಳಿ ತೆಳುವಾದ ಮೇಲೆ ಮನುಷ್ಯ ಸ್ವಲ್ಪ ಸಡಿಲವಾಗಿದ್ದಾರೆ ಎಂದುಕೊಂಡೆ.

ಆ ಜಾಗದ ಚೆಲುವನ್ನು ಹೇಳಿ ಮುಗಿಸಲಾರೆ. ಸುತ್ತ ಹಿಮದ ಶಿಖರಗಳು, ಬಂಡೆಗಳಿಂದ ಇಳಿದು ಬರುವ ನೀರು, ಒಡೆಯರಿಲ್ಲದಂತೆ ಮೇಯುವ ಹಸುಗಳು, ಕಾಗದದ ಹಾಗೆ ಸಿಪ್ಪೆ ಸುಲಿಯುವ ಕೆಂಪು ಮರಗಳು. ಆದರೆ ನಾನು ನೋಡಿದ್ದು ಕಡಿಮೆ. ಮುಂದೆ ನಡೆಯುತ್ತಿದ್ದ ಮಾವನ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಒಂದು ವಾಸನೆ ಬರುತ್ತಿತ್ತು. ಕರ್ಪೂರ, ನೀಲಗಿರಿ ಎಣ್ಣೆ, ಅದರ ಜೊತೆ ಇನ್ನೇನೋ ಘಾಟು. ತಲೆನೋವಿನ ಮುಲಾಮು. ಊರಿನಿಂದ ತರಿಸಿಕೊಂಡ ಹಳದಿ ಮುಲಾಮನ್ನು ಉಣ್ಣೆ ಟೋಪಿಯ ಅಡಿಯಲ್ಲಿ ಹಣೆತುಂಬ ಬಳಿದುಕೊಂಡು, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದರು. ಗೈಡ್ ಹುಡುಗಿಗೆ ಆ ವಾಸನೆಯ ಅರ್ಥ ಗೊತ್ತಾಗುವಂತಿಲ್ಲ. ನನಗೆ ಗೊತ್ತಾಗದೆ ಇರುವಂತಿಲ್ಲ.

"ಮಾವ, ತಲೆ ನೋಯ್ತಾ ಇದೆಯಾ?"

"ಯಾರು ಹೇಳಿದ್ದು?"

"ಮುಲಾಮು ಹಚ್ಚಿದ್ದೀರಿ."

"ಚಳಿಗೆ ಹಚ್ಚಿದ್ದು. ನಿಮಗೆ ಸುಸ್ತಾದ್ರೆ ನಿಮ್ಮದು ಹೇಳಿ, ನನ್ನ ಮೇಲೆ ಹಾಕ್ಬೇಡಿ."

ಸುತ್ತುಬಳಸಿನ ಏರು ಮುಗಿದು ಒಂದು ಸಮತಟ್ಟು ಜಾಗ ಬಂತು. ಅದರಾಚೆಗೆ ಕಡೆಯ ಏರು, ಅದರ ತಲೆಯ ಮೇಲೆ ಕೆರೆ. ಅಲ್ಲಿ ಮಾವ ಕೋಟಿನ ಗುಂಡಿ ಹಾಕಿಕೊಳ್ಳಲು ನಿಂತರು. ಅಷ್ಟು ಅಚ್ಚುಕಟ್ಟಿನ ಮನುಷ್ಯ ಮೇಲಿನ ಗುಂಡಿಯನ್ನು ಕೆಳಗಿನ ತೂತಿಗೆ ಸೇರಿಸಲು ಒದ್ದಾಡುತ್ತಿದ್ದರು. ಬೆರಳು ಮಾತು ಕೇಳುತ್ತಿರಲಿಲ್ಲ. ಹೆಜ್ಜೆ ಇಟ್ಟವರು ಕುಡಿದವರ ಹಾಗೆ ದಾರಿ ಬಿಟ್ಟು ಪಕ್ಕಕ್ಕೆ ಹೋದರು. ಹೊರಡುವ ಮೊದಲು ಹೆಂಡತಿ ಹೇಳಿಕೊಟ್ಟಿದ್ದಳು: ತಲೆನೋವಾದರೆ ಅಲ್ಲೇ ನಿಲ್ಲಿಸು, ನಡಿಗೆ ತಪ್ಪಿದರೆ ಒಂದು ಕ್ಷಣವೂ ನಿಲ್ಲದೆ ಇಳಿಸು.

ಗೈಡ್ ಓಡಿಬಂದು ಕೂಡಲೇ ಕೆಳಗಿಳಿಯಬೇಕು ಎಂದಳು. ಮಾವ ಒಂದು ಬಂಡೆಯ ಮೇಲೆ ಕೂತುಬಿಟ್ಟರು. "ಅವಳಿಗೆ ಬೇಗ ಮನೆಗೆ ಹೋಗ್ಲಿಕ್ಕೆ ಉಂಟು. ಕೆರೆ ತೋರಿಸಿದ್ರೆ ಬಣ್ಣ ಗೊತ್ತಾಗ್ತದಲ್ಲ, ಅದಕ್ಕೆ." ನಾನು ಬೇಡಿಕೊಂಡೆ, ಮಗಳ ಹೆಸರು ಹೇಳಿದೆ. "ನೀವು ಆ ಗೈಡಿನ ಪಾರ್ಟಿ," ಎಂದರು. ಮಾತು ತೊದಲುತ್ತಿತ್ತು. ಎತ್ತಿಕೊಂಡು ಹೋಗೋಣವೆಂದರೆ ಮುಟ್ಟಿದ ಕೈ ಕೊಡವುತ್ತಿದ್ದರು. ನಿಜ ಹೇಳಿ ಅವರನ್ನು ಎಬ್ಬಿಸಲು ಸಾಧ್ಯವಿಲ್ಲ ಎಂದು ಆಗ ಹೊಳೆಯಿತು.

ನಾನು ಬಗ್ಗಿ ಪಿಸುಗುಟ್ಟಿದೆ. "ಮಾವ, ನೀವು ಬೇಕಾದರೆ ಮೇಲೆ ಹೋಗಿ. ನನಗೆ ಆ ಡ್ರೈವರ್ ಮೇಲೆ ಡೌಟು. ಬೆಳಗ್ಗೆಯಿಂದ ನಮ್ಮ ಬ್ಯಾಗನ್ನೇ ನೋಡ್ತಾ ಇದ್ದ. ಪಾಸ್‌ಪೋರ್ಟ್ ಎರಡೂ ಅದರಲ್ಲೇ ಇದೆ. ನಾನು ಇಳಿದು ಹೋಗಿ ನೋಡ್ಕೊಳ್ತೀನಿ."

ಪಾಪ, ಆ ಡ್ರೈವರು ಬೆಳಗ್ಗೆಯಿಂದ ಆಕಳಿಸಿದ್ದು ಬಿಟ್ಟರೆ ಏನೂ ಮಾಡಿರಲಿಲ್ಲ.

ಮಾವ ನನ್ನ ಮುಖವನ್ನೇ ನೋಡಿದರು. ತುಂಬ ಹೊತ್ತು ನೋಡಿದರು ಎಂದು ನನ್ನ ನೆನಪು. ಆಮೇಲೆ ನನ್ನ ಭುಜ ಹಿಡಿದು ಎದ್ದರು. "ನಡೀರಿ," ಎಂದರು. "ನಾನೂ ಬರ್ತೇನೆ. ಆ ಡ್ರೈವರನ ಮೋರೆ ನೋಡಿದಾಗಲೇ ನಂಗೆ ಗೊತ್ತಿತ್ತು."

ಗೈಡ್ ಉಳಿದವರನ್ನು ಅಲ್ಲೇ ನಿಲ್ಲಲು ಹೇಳಿ, ಸ್ವಲ್ಪ ದೂರ ನಮ್ಮೊಂದಿಗೆ ಇಳಿದು, ಕೆಳಗಿನಿಂದ ಬರುತ್ತಿದ್ದ ಇನ್ನೊಂದು ಗುಂಪಿನ ಗೈಡಿಗೆ ನಮ್ಮನ್ನು ಒಪ್ಪಿಸಿದಳು. ಒಂದು ಪಕ್ಕ ಅವನು, ಇನ್ನೊಂದು ಪಕ್ಕ ನಾನು. ದಾರಿಯುದ್ದಕ್ಕೂ ಮಾವ ಡ್ರೈವರನಿಗೆ ಬೈಯುತ್ತಲೇ ಬಂದರು, ಕನ್ನಡದಲ್ಲಿ, ಕೊಂಕಣಿಯಲ್ಲಿ, ನಡುವೆ ತುಳುವಿನಲ್ಲಿ. ಕೆಳಗಿಳಿದಂತೆ ತೊದಲು ಕಡಿಮೆಯಾಗಿ ಬೈಗುಳ ಸ್ಪಷ್ಟವಾಗುತ್ತಾ ಹೋಯಿತು. ಬೈಗುಳ ಕೇಳಿ ಅಷ್ಟು ಸಂತೋಷಪಟ್ಟದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ವ್ಯಾನಿನಲ್ಲಿ ಡ್ರೈವರು ಮುಖದ ಮೇಲೆ ಟೋಪಿ ಮುಚ್ಚಿ ನಿದ್ದೆ ಹೊಡೆಯುತ್ತಿದ್ದ. ಬ್ಯಾಗು ಇಟ್ಟಲ್ಲೇ ಇತ್ತು. ನಾನು ಕೈ ಹಾಕುವ ಮೊದಲೇ ಮಾವ ಅದನ್ನು ತೊಡೆಯ ಮೇಲೆಳೆದುಕೊಂಡು, ಜಿಪ್ ತೆಗೆದು, ಒಳಗೆ ತಡಕಾಡಿ, ಜಿಪ್ ಎಳೆದರು.

"ಉಂಟು," ಎಂದರು. "ಎರಡೂ ಉಂಟು. ಬಚಾವ್."

ಡ್ರೈವರು ವಿಷಯ ತಿಳಿದ ಕೂಡಲೇ ತನ್ನ ಕಂಬಳಿ ಹೊದಿಸಿ, ನಮ್ಮನ್ನು ನೇರವಾಗಿ ಪಟ್ಟಣದ ಆಸ್ಪತ್ರೆಗೆ ತಲುಪಿಸಿದ. ಅಲ್ಲಿ ಆಮ್ಲಜನಕ ಕೊಟ್ಟರು. ಮಿದುಳಿನಲ್ಲಿ ನೀರು ತುಂಬಲು ಶುರುವಾಗಿತ್ತು, ಆ ಕೊನೆಯ ಏರು ಹತ್ತಿದ್ದರೆ ಹೊತ್ತು ತರಬೇಕಾಗುತ್ತಿತ್ತು ಎಂದರು ಡಾಕ್ಟರು. ಮಾವ ಆಮ್ಲಜನಕದ ಮಾಸ್ಕಿನೊಳಗಿಂದ ನನ್ನತ್ತ ನೋಡಿ, "ಇವರು ನಿಜವಾಗಿ ಡಾಕ್ಟರಾ?" ಎಂದು ಕೇಳಿದರು.

ಕೆರೆಯ ಬಣ್ಣ ನೋಡದೆ ವಾಪಸು ಬಂದೆವು. ಇಗರ್ಜಿಯ ಚಹಾದಲ್ಲಿ ಪೆರುವಿನ ಮುದುಕರು ಈಗಲಾದರೂ ನಂಬುತ್ತೀಯಾ ಎಂದು ಕೇಳಿದರಂತೆ. "ನೋಡಿದ್ರೆ ಅಲ್ವಾ ನಂಬುದು?" ಎಂದರಂತೆ ಇವರು. ಒಂದು ಬದಲಾವಣೆ ಮಾತ್ರ ನನ್ನ ಗಮನಕ್ಕೆ ಬಂತು. ಆ ಪ್ರವಾಸದ ನಂತರ ಪಿಆರ್ ಪ್ರಶ್ನೆ ಬರಲಿಲ್ಲ. ವಯಸ್ಸಾಯಿತು, ಮರೆತಿರಬೇಕು ಎಂದುಕೊಂಡೆ. ಏನೋ ಹೊಸ ಉಪಾಯ ಹೂಡುತ್ತಿರಬಹುದು ಎಂದೂ ಅಂದುಕೊಂಡೆ.

ಹೋದ ವರ್ಷ ಅವರ ಹೃದಯ ಸೋಲುತ್ತಾ ಬಂತು. ನಾನು ರಜೆ ಹಾಕಿ ಕ್ರಾನ್‌ಬರ್ನ್‌ಗೆ ಹೋಗಿದ್ದೆ. ಹಿತ್ತಲಿನಲ್ಲಿ ಎಳೆಬಿಸಿಲಿಗೆ ಕುರ್ಚಿ ಹಾಕಿ ಕೂರಿಸಿ, ಕಿತ್ತಳೆ ಸುಲಿದು ಕೊಡುತ್ತಿದ್ದೆ. ಒಂದು ತೊಳೆ ಬಾಯಿಗೆ ಹಾಕಿಕೊಂಡು, ಹುಳಿಯೆಂದು ಮುಖ ಕಿವುಚಿ, ಅದೇ ಉಸಿರಿನಲ್ಲಿ ಹೇಳಿದರು:

"ಆ ದಿನ ಪಾಸ್‌ಪೋರ್ಟು ಬ್ಯಾಗಿನಲ್ಲಿ ಇರ್ಲಿಲ್ಲ ಮಾರಾಯ್ರೆ."

ನನಗೆ ಅರ್ಥವಾಗಲಿಲ್ಲ.

"ಬೆಳಗ್ಗೆ ನೀವು ಸ್ನಾನಕ್ಕೆ ಹೋದಾಗ ನಾನು ಎರಡನ್ನೂ ತೆಗೆದು ನನ್ನ ಸೊಂಟಕ್ಕೆ ಕಟ್ಟಿಕೊಂಡಿದ್ದೆ. ವ್ಯಾನಿನಲ್ಲಿ ಬಿಡ್ಲಿಕ್ಕೆ ನಂಗೆ ಹುಚ್ಚಾ? ಆ ಬಂಡೆಯ ಮೇಲೆ ಕೂತಾಗ ಅದರ ಮೂಲೆ ಹೊಟ್ಟೆಗೆ ಚುಚ್ತಾ ಇತ್ತು. ತಲೆ ಮಬ್ಬಾಗಿತ್ತು, ಹೌದು. ಆದ್ರೆ ಚುಚ್ಚುದು ಗೊತ್ತಾಗ್ತಿತ್ತು."

"ಹಾಗಾದರೆ ನಾನು ಹೇಳಿದ್ದು ಸುಳ್ಳು ಅಂತ..."

"ಆಗಲೇ ಗೊತ್ತಾಯ್ತು. ನಿಮಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ. ನಿಮ್ಮ ತುಟಿ ಎಲ್ಲ ನಡುಗ್ತಾ ಇತ್ತು. ಇಷ್ಟು ವರ್ಷ ಒಂದೇ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟ ಜನ, ಇವತ್ತು ಸುಳ್ಳು ಹೇಳ್ತಾ ಇದ್ದಾರೆ ಅಂದ್ರೆ ನನ್ನ ಅವಸ್ಥೆ ಹಾಳಾಗಿದೆ ಅಂತ ಲೆಕ್ಕ." ಇನ್ನೊಂದು ತೊಳೆಗೆ ಕೈ ಚಾಚಿದರು. "ಗೈಡ್ ಹೇಳಿದ್ದು ನಂಬ್ಲಿಲ್ಲ. ಮೆಷಿನ್ ಹೇಳಿದ್ದು ನಂಬ್ಲಿಲ್ಲ. ನಿಮ್ಮ ಸುಳ್ಳು ನಂಬಿದೆ."

ನಾನು ಕಿತ್ತಳೆಯ ಬೀಜ ತೆಗೆಯುತ್ತಾ ಕೂತೆ. ಕಣ್ಣು ಮಂಜಾಗಿತ್ತು. ಅವರು ಬೇಲಿಯ ಕಡೆ ನೋಡುತ್ತಾ, ಇದನ್ನು ಎಲ್ಲರಿಗೂ ಸಾರಬೇಕೆಂದೇನಿಲ್ಲ ಎಂದರು. ಆ ಚಳಿಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು.

ಮಣ್ಣು ಮುಗಿಸಿ ಮಾರ್ಸ್ಡನ್ ಪಾರ್ಕಿಗೆ ಹಿಂತಿರುಗಿದ ಮೇಲೆ ನನ್ನ ಹೆಂಡತಿ ಬಿಗಿದುಕೊಂಡೇ ಇದ್ದಳು. ಶಿಫ್ಟಿಗೆ ಹೋದಳು, ಬಂದಳು, ಅಡುಗೆ ಮಾಡಿದಳು. ಅಳಲಿಲ್ಲ. ಒಂದು ಭಾನುವಾರ ಬೆಳಗ್ಗೆ ತಿಂಡಿ ತಿನ್ನುತ್ತಾ ಹೇಳಿದಳು: "ನಂಗೆ ಒಂದೇ ಬೇಜಾರು. ಅಪ್ಪ ನಿನ್ನನ್ನ ಲಾಸ್ಟ್ ತನಕ ನಂಬ್ಲೇ ಇಲ್ಲ."

ನಾನು ಎಲ್ಲವನ್ನೂ ಹೇಳಿದೆ. ಬಂಡೆ, ಡ್ರೈವರು, ಸೊಂಟದ ಪಾಸ್‌ಪೋರ್ಟು, ಹಿತ್ತಲಿನ ಮಾತು. ಅವಳು ಚಮಚ ಕೆಳಗಿಟ್ಟು ಕೇಳಿದಳು.

"ನಂಗೆ ಸಮಾಧಾನ ಆಗ್ಲಿ ಅಂತ ಈಗ ಕಟ್ಟಿ ಹೇಳ್ತಿದ್ದೀಯಾ?"

ನನ್ನ ಬಳಿ ಸಾಕ್ಷಿಯಿಲ್ಲ. ಆ ಮಾತು ನಡೆದಾಗ ಹಿತ್ತಲಿನಲ್ಲಿ ನಾವಿಬ್ಬರೇ. ಅವಳು ಎದ್ದು ಬಂದು, ನನ್ನ ಗಲ್ಲ ಹಿಡಿದೆತ್ತಿ, ಕಣ್ಣು ಕಿರಿದು ಮಾಡಿ ನನ್ನ ಮುಖವನ್ನು ನೋಡಿದಳು.

"ಇಲ್ಲ," ಎಂದಳು, "ಸುಳ್ಳಲ್ಲ." ಆಮೇಲೆ ನನ್ನ ಹೆಗಲ ಮೇಲೆ ಮುಖವಿಟ್ಟು, ಅಪ್ಪ ಹೋದ ಮೇಲೆ ಮೊದಲ ಸಲ ಜೋರಾಗಿ ಅತ್ತಳು.